ಕಾರು ತೋರ್ಲಾದಲ್ಲೇ ಇರಲಿ

ಸ್ಪೇನ್ ನೋಡಿ ಬಂದ ನಮ್ಮವರ ಮಾತಿನಲ್ಲಿ ಬಾರ್ಸಿಲೋನಾ ಬರುತ್ತದೆ, ಮ್ಯಾಡ್ರಿಡ್ ಬರುತ್ತದೆ, ದಕ್ಷಿಣದ ಅರಮನೆಗಳೂ ಅಲ್ಲಿಯ ಸುಡುಬಿಸಿಲೂ ಬರುತ್ತವೆ; ಪರ್ವತಗಳ ಮಾತು ಬರುವುದು ಕಡಿಮೆ. ಆದರೆ ಆ ದೇಶದ ಉತ್ತರದಂಚಿನಲ್ಲಿ, ಆರಗಾನ್ ಪ್ರಾಂತದ ಪಿರಿನೀಸ್ ಪರ್ವತಗಳ ನಡುವೆ, 1918ರಲ್ಲೇ ರಾಷ್ಟ್ರೀಯ ಉದ್ಯಾನವಾದ ಒಂದು ಕಣಿವೆಯಿದೆ. ಅದರ ಹೆಸರು ಒರ್ದೇಸಾ. ಅದರ ನೆತ್ತಿಯ ಮೇಲೆ ಸುಮಾರು 3,350 ಮೀಟರ್ ಎತ್ತರದ ಸುಣ್ಣಕಲ್ಲಿನ ಶಿಖರವೊಂದು ನಿಂತಿದೆ. ಫ್ರಾನ್ಸಿನ ಕಡೆಯ ಕಣಿವೆಗಳಿಂದ ನೋಡುವವರಿಗೆ ಮುಂದಿನ ಬೆಟ್ಟಗಳು ಅಡ್ಡ ಬಂದು ಅದು ಕಾಣಿಸುವುದಿಲ್ಲ. ಅದಕ್ಕೇ ಅದು ಮೋಂತೆ ಪೆರ್ದಿದೊ, ಅಂದರೆ ಕಳೆದುಹೋದ ಬೆಟ್ಟ. ಇಂದು ನಾನು ವಾದಿಸಹೊರಟಿರುವುದು ಆ ಬೆಟ್ಟದ ಚೆಲುವಿನ ಪರವಾಗಿ ಅಲ್ಲ, ಅದಕ್ಕೆ ನನ್ನ ವಕಾಲತ್ತು ಬೇಕಿಲ್ಲ. ಅಲ್ಲಿ ಪ್ರವಾಸಿಗರ ಮೇಲೆ ಹೇರಿರುವ ಒಂದು ನಿರ್ಬಂಧದ ಪರವಾಗಿ.

ಕಣಿವೆಯ ಬಾಯಲ್ಲಿ ತೋರ್ಲಾ ಎಂಬ ಕಲ್ಲುಮನೆಗಳ ಪುಟ್ಟ ಊರಿದೆ. ಈಸ್ಟರ್ ರಜೆಯಲ್ಲೂ ಬೇಸಿಗೆಯಲ್ಲೂ ನಿಮ್ಮ ಕಾರು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಊರಿನಲ್ಲೇ ನಿಲ್ಲಿಸಿ, ಟಿಕೆಟ್ ಕೊಂಡು, ಸರದಿಯಲ್ಲಿ ನಿಂತು, ಬಸ್ಸಿನಲ್ಲಿ ಕಣಿವೆಯ ಹುಲ್ಲುಗಾವಲಿನವರೆಗೆ ಹೋಗಬೇಕು. ಒಂದು ಹೊತ್ತಿನಲ್ಲಿ ಆ ಕಣಿವೆಯೊಳಗೆ 1,800ಕ್ಕಿಂತ ಹೆಚ್ಚು ಜನ ಇರಕೂಡದು ಎಂಬುದು ಉದ್ಯಾನದ ನಿಯಮ. ಲೆಕ್ಕ ತುಂಬಿತೆಂದರೆ, ಒಳಗಿನವರು ಹೊರಗೆ ಬಂದಷ್ಟೇ ಜನ ಹೊರಗಿನಿಂದ ಒಳಗೆ ಹೋಗಬೇಕು. ದಿನಕ್ಕಿಷ್ಟು ಎಂದು ಬಾಡಿಗೆ ತೆತ್ತು ತಂದ ಕಾರನ್ನು ಬಿಸಿಲಿನಲ್ಲಿ ಬಿಟ್ಟು ಆ ಸರದಿಯ ಬಾಲಕ್ಕೆ ಸೇರಿಕೊಂಡಾಗ ನಾನೂ ಗೊಣಗಿದವನೇ. ಆದರೆ ಬಸ್ಸಿಳಿದು ಬೀಚ್ ಮರಗಳ ನೆರಳಿಗೆ ಹೊಕ್ಕ ಹತ್ತು ನಿಮಿಷದಲ್ಲಿ ಗೊಣಗಾಟ ತಾನಾಗಿ ನಿಂತಿತು, ಏಕೆಂದರೆ ಅಲ್ಲಿ ಕಿವಿಗೆ ಬೀಳುತ್ತಿದ್ದುದು ಅರಾಸಾಸ್ ನದಿಯ ಸದ್ದೊಂದೇ. ಹಾರ್ನ್ ಇಲ್ಲ, ಡಿಕ್ಕಿ ತೆರೆದು ಹಾಡು ಹಾಕುವವರಿಲ್ಲ, ಕಿಟಕಿಯಿಂದ ಹಾರಿಬರುವ ಚಿಪ್ಸ್ ಪೊಟ್ಟಣವಿಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಂಡ ಸಂಗತಿ ಬೇರೆ. ಈ ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, ಬಸ್ಸಿನ ಟಿಕೆಟ್ಟಿಗೆ ಮಾತ್ರ ಹಣ. ಜನಸಂದಣಿಯನ್ನು ಕಡಿಮೆ ಮಾಡಲು ಸರ್ಕಾರಗಳಿಗೆ ಸುಲಭವಾಗಿ ಹೊಳೆಯುವ ಉಪಾಯ ಬೆಲೆ ಏರಿಸುವುದು. ಹಾಗೆ ಮಾಡಿದಾಗ ಕಡಿಮೆಯಾಗುವುದು ಜನರಲ್ಲ, ಬಡವರು. ಒರ್ದೇಸಾದಲ್ಲಿ ಹಣವಂತನಿಗೂ ಹಣವಿಲ್ಲದವನಿಗೂ ಒಂದೇ ಸರದಿ. 2024ರ ಜನವರಿಯಲ್ಲಿ ನಮ್ಮ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದಿದ್ದ ದೃಶ್ಯವನ್ನು ನೀವೂ ನೋಡಿರುತ್ತೀರಿ. ಅದರ ಬೆನ್ನಿಗೇ ರಾಜ್ಯದಲ್ಲಿ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡುವ ತೀರ್ಮಾನ ಬಂದಾಗ ಹಲವರು ಸಿಡಿಮಿಡಿಗೊಂಡರು. ಮಿತಿ ಬೇಡವೆನ್ನುವವರ ಜೊತೆ ನಾನಿಲ್ಲ. ಆದರೆ ಬೆರಳು ಚುರುಕಾದವನಿಗೆ ಮೊದಲೇ ಸಿಗುವ ಟಿಕೆಟ್ಟಿಗಿಂತ, ಬಂದು ಕಾಯುವವನಿಗೆ ಸಿಗುವ ಸೀಟು ಹೆಚ್ಚು ನ್ಯಾಯವಾದದ್ದು ಎಂದು ನನ್ನ ಅನಿಸಿಕೆ.

ಬಸ್ಸಿಳಿದವರಲ್ಲಿ ಹೆಚ್ಚಿನವರು ನದಿಯ ಜೊತೆಯಲ್ಲೇ ನಡೆದು ಕೋಲಾ ದೆ ಕಬಾಯೊ, ಅಂದರೆ ಕುದುರೆಬಾಲ ಎಂಬ ಜಲಪಾತದವರೆಗೆ ಹೋಗಿ ಹಿಂತಿರುಗುತ್ತಾರೆ. ಹೋಗಿಬರಲು ಹದಿನೇಳು ಹದಿನೆಂಟು ಕಿಲೋಮೀಟರ್, ಆರೇಳು ಗಂಟೆ. ಏರು ಹೆಚ್ಚಿಲ್ಲ, ನಡುದಾರಿಯ ಸೊವಾಸೊ ಮೆಟ್ಟಿಲುಗಳಲ್ಲಿ ನದಿಯೇ ಒಂದೊಂದು ಪಾವಟಿಗೆ ಇಳಿದು ಬರುವುದನ್ನು ನೋಡುತ್ತ ಕೂತರೆ ಜಲಪಾತದ ನೆನಪೇ ಆಗದು. ಮೊಣಕಾಲು ಗಟ್ಟಿಯಿದ್ದವರು ಎದುರು ಬದಿಯ ಬೇಟೆಗಾರರ ಹಾದಿಯನ್ನು ಹಿಡಿಯಬೇಕು. ಸುಮಾರು ಆರುನೂರು ಮೀಟರ್ ಒಂದೇ ಸಮನೆ ಏರಿ, ಮೇಲೆ ಬಂಡೆಯಂಚಿನ ಸಮತಟ್ಟಾದ ಕಾಲುದಾರಿಯಲ್ಲಿ ನಡೆದು ಜಲಪಾತ ಮುಟ್ಟಿ, ಕಣಿವೆಯ ತಳದಲ್ಲಿ ಮರಳಬಹುದು. ಇದನ್ನು ತಿರುಗಾಮುರುಗಾ ಮಾಡಿ, ದಣಿದ ಕಾಲಿನಲ್ಲಿ ಆ ಕಡಿದಾದ ಹಾದಿಯನ್ನು ಇಳಿಯಲು ಮಾತ್ರ ಹೋಗಬೇಡಿ.

ಬೇಟೆಗಾರರ ಹಾದಿ ಎಂಬ ಹೆಸರು ನನ್ನನ್ನು ಸ್ವಲ್ಪ ಹೊತ್ತು ಕಾಡಿತು. ಈ ಬಂಡೆಗಳಲ್ಲಿ ಬುಕಾರ್ದೊ ಎಂಬ ಕಾಡುಮೇಕೆ ಬದುಕಿತ್ತು. ಅದರ ಬಾಗಿದ ದಪ್ಪ ಕೊಂಬಿನ ಆಸೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊರದೇಶಗಳಿಂದಲೂ ಬಂದೂಕು ಹಿಡಿದು ಬರುತ್ತಿದ್ದರು. ಕಣಿವೆಯನ್ನು ಉದ್ಯಾನವೆಂದು ಘೋಷಿಸಿದಾಗ ಈ ಮೇಕೆಯ ರಕ್ಷಣೆಯೂ ಮನಸ್ಸಿನಲ್ಲಿತ್ತು. ಅಷ್ಟು ಹೊತ್ತಿಗೆ ಅವು ಬೆರಳೆಣಿಕೆಗೆ ಇಳಿದಿದ್ದವು, ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಸೆಲಿಯಾ ಎಂದು ಹೆಸರಿಟ್ಟಿದ್ದ ಕೊನೆಯ ಹೆಣ್ಣು ಮೇಕೆ 2000ದ ಜನವರಿ 6ರಂದು ಸತ್ತು ಸಿಕ್ಕಿತು. ಅದರ ಮೇಲೆ ಮರವೊಂದು ಉರುಳಿತ್ತು. ಮೊದಲೇ ತೆಗೆದಿಟ್ಟಿದ್ದ ಜೀವಕೋಶಗಳಿಂದ ವಿಜ್ಞಾನಿಗಳು 2003ರಲ್ಲಿ ಒಂದು ತದ್ರೂಪಿ ಮರಿಯನ್ನು ಹುಟ್ಟಿಸಿದರು. ಶ್ವಾಸಕೋಶ ಸರಿಯಿರದೆ ಅದು ಕೆಲವೇ ನಿಮಿಷ ಉಸಿರಾಡಿತು. ಹೀಗೆ ಎರಡು ಸಲ ಅಳಿದುಹೋದ ಪ್ರಾಣಿ ಅದು. ನಕ್ಷೆಯ ಮೇಲೆ ಹಸಿರು ಗೆರೆ ಎಳೆದ ಮಾತ್ರಕ್ಕೆ ಎಲ್ಲವೂ ಉಳಿಯುತ್ತದೆ ಎಂದು ನಂಬುವವರಿಗೆ ಹೇಳಲೆಂದೇ ಈ ಕಥೆಯನ್ನು ನಾನು ಇಟ್ಟುಕೊಂಡಿದ್ದೇನೆ. ಆ ಗೆರೆಯೂ ಮೊದಲು ಚಿಕ್ಕದೇ, ಸುಮಾರು ಎರಡು ಸಾವಿರ ಹೆಕ್ಟೇರಿನದು. 1982ರಲ್ಲಿ ಅದನ್ನು 15,608 ಹೆಕ್ಟೇರಿಗೆ ಹಿಗ್ಗಿಸಿದ್ದರಿಂದಲೇ, ಜಲವಿದ್ಯುತ್ ಯೋಜನೆಯ ಕಣ್ಣು ಬಿದ್ದಿದ್ದ ಪಕ್ಕದ ಅನ್ಯಿಸ್ಕ್ಲೊ ಕಮರಿಯೂ ಉದ್ಯಾನದೊಳಗೆ ಸೇರಿ ಉಳಿದುಕೊಂಡಿತು.

ಹಾಗೆಂದು ಇದು ಮನುಷ್ಯರನ್ನು ಹೊರಗಟ್ಟಿ ಕಾಪಾಡಿದ ಕಾಡಲ್ಲ. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲುಗಳಿಗೆ ಸುತ್ತಲಿನ ಊರುಗಳ ದನ ಕುರಿಗಳು ಇಂದಿಗೂ ಏರುತ್ತವೆ. 1997ರಲ್ಲಿ ಗಡಿಯ ಎರಡೂ ಬದಿಯನ್ನು ಸೇರಿಸಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಬೆಟ್ಟದ ಜೊತೆಗೆ ಈ ಪಶುಪಾಲಕರ ಬದುಕನ್ನೂ ಕಾರಣವಾಗಿ ಎಣಿಸಿತು. ನಡೆದು ಬರುವ ದನಗಾಹಿಗೆ ಬಾಗಿಲು ತೆರೆದಿದೆ, ಕಾರಿನಲ್ಲಿ ಬರುವ ನನಗೆ ಮುಚ್ಚಿದೆ. ಇದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ.

ತಲೆಯೆತ್ತಿ ನಡೆಯುವವರಿಗೆ ಗಡ್ಡದ ರಣಹದ್ದು ಕಂಡರೂ ಕಾಣಬಹುದು. ಸ್ಪೇನಿನವರು ಅದನ್ನು ಮೂಳೆ ಒಡೆಯುವವನು ಎಂದು ಕರೆಯುತ್ತಾರೆ. ಸತ್ತ ಪ್ರಾಣಿಯ ಮೂಳೆಯನ್ನು ಎತ್ತರದಿಂದ ಬಂಡೆಯ ಮೇಲೆ ಬೀಳಿಸಿ, ಒಡೆದ ಚೂರುಗಳನ್ನು ನುಂಗುವ ಹಕ್ಕಿ ಅದು. ನನಗೆ ಕಂಡದ್ದು ಗೋಡೆಯಂಥ ಬಂಡೆಯ ಮೇಲೆ ಜಾರಿಹೋದ ಒಂದು ನೆರಳು ಮಾತ್ರ. ಅದು ಅದೇ ಹಕ್ಕಿಯೆಂದು ಆಣೆ ಮಾಡಲಾರೆ.

ಸಂಜೆ ಹುಲ್ಲುಗಾವಲಿನಲ್ಲಿ ಇಳಿಯುವ ಬಸ್ಸಿಗೆ ಮತ್ತೆ ಸರದಿ. ಬೆಳಿಗ್ಗೆ ಗಡಿಯಾರ ನೋಡಿಕೊಳ್ಳುತ್ತಿದ್ದ ಜನ ಈಗ ಶೂ ಬಿಚ್ಚಿ ನೆಲದ ಮೇಲೆಯೇ ಕುಳಿತಿದ್ದರು. ಬಸ್ ಬಂತು, ಸೀಟುಗಳು ತುಂಬಿದವು, ಚಾಲಕ ಬಾಗಿಲು ಹಾಕಿದ. ನನ್ನ ಮುಂದಿದ್ದ ಅಜ್ಜಿಯೊಬ್ಬರಿಗೆ ಸೀಟು ಸಿಗಲಿಲ್ಲ. ಅವರು ಚೀಲದಿಂದ ಒಂದು ಸೇಬು ತೆಗೆದು, ಮುಂದಿನ ಬಸ್ಸು ಬರುವವರೆಗೆ ಬಂಡೆಗಳ ಮೇಲೆ ಬಣ್ಣ ಬದಲಾಗುವುದನ್ನು ನೋಡುತ್ತ ತಿನ್ನತೊಡಗಿದರು.