ಜೇಬಿನ ಮಲ್ಟಿಮೀಟರ್: ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ. ಪ್ಲಗ್ ಪಾಯಿಂಟಿಗೆ ಕರೆಂಟ್ ಬರುತ್ತಿದೆಯೇ, ಫ್ಯೂಸ್ ಸುಟ್ಟಿದೆಯೇ, ರಿಮೋಟಿನ ಸೆಲ್ ಮುಗಿದಿದೆಯೇ? ಇಷ್ಟು ತಿಳಿಯಲು ಜೇಬಿನಲ್ಲಿ ಹಿಡಿಸುವ ಪುಟ್ಟ ಮಲ್ಟಿಮೀಟರ್ ಧಾರಾಳವಾಗಿ ಸಾಕು. ಆದರೆ ಕೊಳ್ಳುವಾಗ ಅದು ಏನೇನು ಅಳೆಯುತ್ತದೆ ಎಂದು ಎಣಿಸುತ್ತ ಕೂರಬೇಡಿ. ಮೊದಲು ಅದರ ಮೈಮೇಲಿನ ಸಣ್ಣ ಅಕ್ಷರಗಳನ್ನು ಓದಿ.

ಕ್ಯಾಟ್ ಎರಡು, ಕ್ಯಾಟ್ ಮೂರು ಎಂದು ರೋಮನ್ ಅಂಕಿಯಲ್ಲಿ ಅಚ್ಚಾಗಿರುತ್ತದೆ, ಪಕ್ಕದಲ್ಲಿ 300 ಅಥವಾ 600 ವೋಲ್ಟ್. ಕ್ಯಾಟ್ ಎಂದರೆ ಮೀಟರನ್ನು ಎಂಥ ಜಾಗದಲ್ಲಿ ಸುರಕ್ಷಿತವಾಗಿ ಬಳಸಬಹುದು ಎಂಬ ದರ್ಜೆ. ಪ್ಲಗ್ಗಿಗೆ ಸಿಕ್ಕಿಸುವ ಉಪಕರಣಗಳಿಗೆ ಕ್ಯಾಟ್ ಎರಡು ಆದೀತು. ಗೋಡೆಯೊಳಗಿನ ವೈರಿಂಗ್, ಫ್ಯೂಸ್ ಬೋರ್ಡ್ ಮುಟ್ಟುವುದಾದರೆ ಕ್ಯಾಟ್ ಮೂರು, 600 ವೋಲ್ಟ್ ಬೇಕು. ಲೈನಿನಲ್ಲಿರುವುದು 230 ವೋಲ್ಟ್ ತಾನೇ, ಅಷ್ಟೇಕೆ ಅನ್ನಿಸಬಹುದು. ಸಿಡಿಲಿನಿಂದಲೋ ದೊಡ್ಡ ಮೋಟಾರು ಆಫ್ ಆದಾಗಲೋ ಲೈನಿನಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್ ನುಗ್ಗುತ್ತದೆ. ಕ್ಯಾಟ್ ಎರಡು, 300 ವೋಲ್ಟಿನ ಮೀಟರನ್ನು ಪರೀಕ್ಷಿಸುವುದು 2500 ವೋಲ್ಟಿನ ಹೊಡೆತಕ್ಕೆ. ಕ್ಯಾಟ್ ಮೂರು, 600 ವೋಲ್ಟಿನದನ್ನು 6000ಕ್ಕೆ. ಪ್ರೋಬ್‌ಗಳ, ಅಂದರೆ ಮೀಟರಿನ ತಂತಿಗಳ ತುದಿಯ ಚುಚ್ಚುಕಡ್ಡಿಗಳ ಮೇಲೂ ಇದೇ ಗುರುತು ಇರಬೇಕು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಪುಟ್ಟ ಮೀಟರುಗಳಲ್ಲಿ ಹಲವಕ್ಕೆ ಆಂಪಿಯರ್ ಅಳೆಯುವ ಸೌಲಭ್ಯವಿಲ್ಲ. ಅದು ಕೊರತೆಯಲ್ಲ, ಒಳ್ಳೆಯದೇ. ಆಂಪಿಯರ್ ಅಳೆಯುವಾಗ ಮೀಟರಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಹೆಚ್ಚುಕಡಿಮೆ ಸೊನ್ನೆ. ಕೆಂಪು ತಂತಿಯನ್ನು 10 ಆಂಪಿಯರಿನ ತೂತಿನಲ್ಲೇ ಮರೆತು ಸಾಕೆಟ್ಟಿಗೆ ಚುಚ್ಚಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಆ ಸೌಲಭ್ಯ ಬೇಕೇ ಬೇಕೆಂದರೆ ಒಳಗೆ ಮರಳು ತುಂಬಿದ ಸೆರಾಮಿಕ್ ಫ್ಯೂಸ್ ಇರುವುದನ್ನೇ ಆರಿಸಿ. ಗಾಜಿನ ಫ್ಯೂಸ್ ಅಂಥ ಹೊತ್ತಿನಲ್ಲಿ ಒಡೆದು ಸಿಡಿಯಬಹುದು.

ಪರದೆಯಲ್ಲಿ 2000 ಕೌಂಟೋ 6000 ಕೌಂಟೋ, ಅಂದರೆ ಅಂಕಿ ಎಷ್ಟು ಸೂಕ್ಷ್ಮವಾಗಿ ಕಾಣುತ್ತದೆ ಎಂಬ ಚರ್ಚೆ ಮನೆಗೆಲಸಕ್ಕೆ ಬೇಕಿಲ್ಲ. ತಂತಿ ಕಡಿಯದೆ ಕೂಡಿಕೊಂಡಿದ್ದರೆ ಸದ್ದು ಮಾಡುವ ಬಜರ್ ಮಾತ್ರ ಪರೀಕ್ಷಿಸಿಯೇ ಕೊಳ್ಳಿ. ಎರಡೂ ಪ್ರೋಬ್ ತಾಗಿಸಿದ ಕೂಡಲೇ ಸದ್ದು ಬರಬೇಕು. ತಡವಾದರೆ ಸಡಿಲ ತಂತಿ ಹುಡುಕುವುದು ತಲೆನೋವು. ರೋಧದ ಸ್ಥಾನದಲ್ಲಿ ಹಾಗೆಯೇ ತಾಗಿಸಿದಾಗ ಅರ್ಧ ಓಮ್‌ನೊಳಗೆ ತೋರಿಸಿ ನಿಲ್ಲಬೇಕು. ತಂತಿ ಅಲುಗಾಡಿಸಿದಾಗ ಅಂಕಿ ಕುಣಿದರೆ ಆ ತಂತಿ ಒಳಗೇ ಕಡಿದಿದೆ. ಮೀಟರಿಗೇ ಅಂಟಿಕೊಂಡ ತಂತಿಗಳು ಕಳೆದುಹೋಗುವುದಿಲ್ಲ, ನಿಜ. ಆದರೆ ಬುಡದಲ್ಲಿ ಕಡಿದರೆ ಬಿಚ್ಚಿ ಬೆಸುಗೆ ಹಾಕಬೇಕು.

ಹೊಸಬರನ್ನು ಕಂಗೆಡಿಸುವುದು ಇನ್ನೊಂದಿದೆ. ಎಲ್ಲಿಗೂ ಜೋಡಿಸದ ತಂತಿಯಲ್ಲೂ ಮೀಟರ್ 40, 80 ವೋಲ್ಟ್ ತೋರಿಸುತ್ತದೆ. ಪಕ್ಕದ ಲೈವ್ ತಂತಿಯಿಂದ ಹಾಯ್ದ ಹುಸಿ ವೋಲ್ಟೇಜ್ ಅದು. ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್‌ನಷ್ಟಿರುವುದರಿಂದ ಅದು ಇಳಿಯದೆ ಉಳಿಯುತ್ತದೆ. ಹಾಗೆಂದು ಹುಸಿ ಎಂದುಕೊಂಡು ಕೈ ಹಾಕಬೇಡಿ. ಕಡಿಮೆ ಒಳರೋಧದ ಸ್ಥಾನವಿರುವ ಮೀಟರಿನಲ್ಲಿ ಹುಸಿಯಾದರೆ ಅಂಕಿ ಕುಸಿಯುತ್ತದೆ, ನಿಜವಾದರೆ ನಿಲ್ಲುತ್ತದೆ.

ಬ್ಯಾಟರಿಯ ಚಿಹ್ನೆ ಕಂಡರೆ ಅಂದೇ ಬದಲಿಸಿ. ಸೆಲ್ ಸೊರಗಿದ ಮೀಟರ್ ತಪ್ಪು ಅಂಕಿ ತೋರಿಸುತ್ತದೆ. ತಂತಿಗೆ ತಾಗಿಸದೆಯೇ ಕೂಗುವ ಸೌಲಭ್ಯವನ್ನು ನೆಚ್ಚಿ ಕರೆಂಟ್ ಇಲ್ಲವೆಂದು ತೀರ್ಮಾನಿಸಬೇಡಿ. ಕರೆಂಟ್ ಇದೆಯೆಂದು ಖಚಿತವಾಗಿ ಗೊತ್ತಿರುವ ಸಾಕೆಟ್ಟಿನಲ್ಲಿ ಮೊದಲು ಮೀಟರ್ ನೋಡಿ. ಬಳಿಕ ಕೆಲಸದ ಜಾಗದಲ್ಲಿ ಫೇಸ್ ಮತ್ತು ನ್ಯೂಟ್ರಲ್, ಫೇಸ್ ಮತ್ತು ಅರ್ಥ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ. ಮತ್ತೆ ಅದೇ ಸಾಕೆಟ್ಟಿಗೆ ಬಂದು ಮೀಟರ್ ಇನ್ನೂ ಸರಿಯಾಗಿ ತೋರಿಸುತ್ತಿದೆಯೇ ನೋಡಿ. ಕೆಲಸದ ಜಾಗದಲ್ಲಿ ಕರೆಂಟ್ ಇಲ್ಲವೆಂದು ಹೀಗೆ ಖಚಿತವಾದ ಮೇಲೆಯೇ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ.