ಚಳಿ ಇದ್ದರೆ ಸಾಲದು, ಪೈಪು ಹಿಡಿಯುವವರು ಬೇಕು

ಕೇಳುಗರಿಗೆ ನಮಸ್ಕಾರ.

ನಾನು ಫಿನ್‌ಲೆಂಡಿನ ತಾಂಪೆರೆ ಅನ್ನುವ ಊರಿನಲ್ಲಿ ಆರು ವರ್ಷ ಇದ್ದು ಬಂದವನು. ನಮಗೆ ಕ್ರಿಕೆಟ್ ಹೇಗೋ ಅಲ್ಲಿಯವರಿಗೆ ಐಸ್ ಹಾಕಿ ಹಾಗೆ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರು, "ಅಲ್ಲಿ ಚಳಿ ಅಲ್ವಾ ಸಾರ್, ಅದಕ್ಕೇ" ಅಂದುಬಿಡುತ್ತಾರೆ. ಆ "ಅದಕ್ಕೇ" ಕೇಳಿ ಕೇಳಿ ಸಾಕಾಗಿದೆ. ಇವತ್ತು ಅದನ್ನು ನಿಮ್ಮ ತಲೆಯಿಂದ ತೆಗೆಯದೆ ನಾನು ಏಳುವುದಿಲ್ಲ.

ಚಳಿಯೇ ಕಾರಣ ಅಂದರೆ ನಾರ್ವೆ ನೋಡಿ. ಫಿನ್‌ಲೆಂಡಿನ ಪಕ್ಕದ ಮನೆ. ಎರಡರಲ್ಲೂ ಸುಮಾರು 55 ಲಕ್ಷ ಜನ. ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಎರಡು ಕಡೆಯೂ ಮೂಗು ಉದುರುವ ಚಳಿ. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾರ್ವೆಯವರು 39 ಪದಕ ಬಾಚಿಕೊಂಡರು. ಹಾಕಿಯಲ್ಲಿ? ಒಂದೂ ಇಲ್ಲ. ಫಿನ್‌ಲೆಂಡಿನವರು 2022ರಲ್ಲಿ ಬೀಜಿಂಗ್‌ನಲ್ಲಿ ಹಾಕಿ ಚಿನ್ನ ಗೆದ್ದರು. ಅದೇ ವರ್ಷ ತಾಂಪೆರೆಯಲ್ಲಿ, ತಮ್ಮ ಜನರ ಮುಂದೆಯೇ, ಕೆನಡಾವನ್ನು ಸೋಲಿಸಿ ವಿಶ್ವ ಚಾಂಪಿಯನ್ ಕೂಡ ಆದರು.

ಚಳಿ ಒಂದೇ. ಆಟ ಬೇರೆ. ಯಾಕೆ? ಮಗು ನಡೆದು ಹೋಗುವಷ್ಟು ದೂರದಲ್ಲಿ ಆಡಲು ಏನಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾರ್ವೆಯ ಮಗುವಿಗೆ ಬಾಗಿಲು ತೆಗೆದರೆ ಗುಡ್ಡ, ಗುಡ್ಡದ ಮೇಲೆ ಹಿಮ. ಸ್ಕೀ ಕಟ್ಟಿಕೊಂಡು ಹೊರಡುತ್ತದೆ. ಫಿನ್‌ಲೆಂಡಿನ ಮಗುವಿಗೆ ಬಾಗಿಲು ತೆಗೆದರೆ ಶಾಲೆಯ ಬಯಲು, ಬಯಲಿನ ತುಂಬ ಐಸ್. ಆ ಐಸ್ ತಾನಾಗಿ ಬಂದದ್ದಲ್ಲ. ಯಾರೋ ಮಾಡಿದ್ದು.

ಇದು ನನಗೆ ತಿಳಿದದ್ದು ಅಲ್ಲಿನ ಮೊದಲ ಚಳಿಗಾಲದಲ್ಲಿ. ರಾತ್ರಿ ಹನ್ನೊಂದು ಗಂಟೆ, ಮೈನಸ್ ಹನ್ನೆರಡು ಡಿಗ್ರಿ. ಕಿಟಕಿಯಿಂದ ನೋಡಿದರೆ ಶಾಲೆಯ ಬಯಲಿನಲ್ಲಿ ಒಬ್ಬ ಮುದುಕ ಪೈಪು ಹಿಡಿದು ನೀರು ಬಿಡುತ್ತಿದ್ದಾನೆ. ಎಲ್ಲೋ ಬೆಂಕಿ ಬಿತ್ತು ಅಂದುಕೊಂಡು, ಜಾಕೆಟ್ ಸಿಕ್ಕಿಸಿಕೊಂಡು ಓಡಿದೆ. ಬೆಂಕಿ ಇಲ್ಲ, ಗಿಂಕಿ ಇಲ್ಲ. ಆತ ಅಂಗಳ ಹುಯ್ಯುತ್ತಿದ್ದ. ದೋಸೆ ಹುಯ್ದ ಹಾಗೆ! ಮೊದಲು ಹಿಮವನ್ನು ತುಳಿದು ಗಟ್ಟಿ ಮಾಡಬೇಕು. ಆಮೇಲೆ ತೆಳ್ಳಗೆ ಒಂದು ಪದರ ನೀರು. ಅದು ಗಟ್ಟಿಯಾದ ಮೇಲೆ ಇನ್ನೊಂದು. ಹೀಗೆ ಎಷ್ಟೋ ರಾತ್ರಿ. ಅವಸರ ಮಾಡಿ ದಪ್ಪಗೆ ಸುರಿದರೆ ಮೇಲೆ ಮಾತ್ರ ಗಟ್ಟಿ, ಒಳಗೆ ಟೊಳ್ಳು. ಸ್ಕೇಟ್ ಹಾಕಿಕೊಂಡ ಮಗುವಿನ ಕಾಲು ಸಿಕ್ಕಿಕೊಳ್ಳುತ್ತದೆ.

ಮಾರನೇ ರಾತ್ರಿಯೂ ಹೋದೆ. ಆತ ಮಾತಾಡದೆ ಪೈಪು ನನ್ನ ಕೈಗೆ ಕೊಟ್ಟ. ನಾನೋ, ತುಳಸಿ ಗಿಡಕ್ಕೆ ನೀರು ಹಾಕುವವನ ಹಾಗೆ ಒಂದೇ ಕಡೆ ನಿಂತುಬಿಟ್ಟೆ. ಬೆಳಿಗ್ಗೆ ನೋಡಿದರೆ ಅಲ್ಲೊಂದು ಉಬ್ಬು. ಓಡಿ ಬಂದ ಮಕ್ಕಳೆಲ್ಲ ಅಲ್ಲೇ ಧೊಪ್ಪನೆ ಬೀಳುತ್ತಿದ್ದರು. ಆ ಉಬ್ಬಿಗೆ ಅವರು "ಇಂಡಿಯಾ" ಅಂತ ಹೆಸರಿಟ್ಟರು. ಅದನ್ನು ಸಮ ಮಾಡಲು ಮುದುಕನಿಗೆ ಎರಡು ರಾತ್ರಿ ಹಿಡಿಯಿತು. ಒಂದು ಮಾತು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಸುತ್ತ ಹಲಗೆ ಕಟ್ಟಿದ ಅಂಥ ಅಂಗಳಕ್ಕೆ ಅವರು ಕೌಕಲೊ ಅನ್ನುತ್ತಾರೆ. ಅಂದರೆ ತೊಟ್ಟಿ. ಊರೂರಿಗೆ ತೊಟ್ಟಿ ಇದೆ. ಅಲ್ಲಿನ ಮೊದಲ ಒಳಾಂಗಣ ಐಸ್ ಅಂಗಳ ಕಟ್ಟಿದ್ದೂ ತಾಂಪೆರೆಯಲ್ಲೇ, 1965ರಲ್ಲಿ. ಈಗ ದೇಶದಲ್ಲಿ ಇನ್ನೂರಕ್ಕೂ ಜಾಸ್ತಿ ಇವೆ. ನಾರ್ವೆಯವರೂ 1952ರ ಒಲಿಂಪಿಕ್ಸ್‌ಗೆ ಅಂತ ಓಸ್ಲೋದಲ್ಲಿ ಒಳ್ಳೆಯ ಹಾಕಿ ಅಂಗಳ ಕಟ್ಟಿದ್ದರು, ಯಂತ್ರದಿಂದ ಐಸ್ ಮಾಡುವಂಥದ್ದು. ರಾಜಧಾನಿಯಲ್ಲಿ ಒಂದು ಅಂಗಳ ಇದ್ದರೆ ಹಳ್ಳಿ ಮಗುವಿಗೆ ಏನು ಬಂತು?

ಇಲ್ಲಿ ನನಗೆ ಕೊಡಗು ನೆನಪಾಗುತ್ತದೆ. ಅಲ್ಲಿಯದು ಹುಲ್ಲಿನ ಹಾಕಿ, ಇರಲಿ. ಮಳೆ ಜಾಸ್ತಿ ಅಂತ ಅಲ್ಲಿ ಹಾಕಿ ಬೆಳೆಯಿತೇ? ಹಾಗಿದ್ದರೆ ಆಗುಂಬೆ ಒಲಿಂಪಿಕ್ಸ್ ಗೆಲ್ಲಬೇಕಿತ್ತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕುಟುಂಬ ಹಾಕಿ, ಅಂದರೆ ಮನೆತನ ಮನೆತನಗಳ ನಡುವಿನ ಪಂದ್ಯ, ಶುರು ಮಾಡಿದರು. ಆಮೇಲೆ ವರ್ಷಕ್ಕೊಂದು ಮನೆತನ ಮುಂದೆ ಬಂದು ಅದನ್ನು ನಡೆಸಿತು. ಇವರೂ ಪೈಪು ಹಿಡಿದವರೇ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ನೆದರ್‌ಲೆಂಡ್ಸ್‌ನಲ್ಲಿ ಸ್ಕೇಟ್ ಕಟ್ಟದ ಮಗುವಿಲ್ಲ, ಆದರೆ ಐಸ್ ಹಾಕಿ ಅಷ್ಟಕ್ಕಷ್ಟೆ. ಅಲ್ಲಿ ಐಸ್ ಕಟ್ಟುವುದು ಉದ್ದುದ್ದ ಕಾಲುವೆಯಲ್ಲಿ. ಕಾಲುವೆ ಮುಂದಕ್ಕೆ ಓಡು ಅನ್ನುತ್ತದೆ, ಹಾಕಿಯ ಹಾಗೆ ಅತ್ತಿತ್ತ ತಿರುಗಿ ಆಡು ಅನ್ನುವುದಿಲ್ಲ. ಹಾಗಾಗಿ ಅವರು ವೇಗದ ಸ್ಕೇಟಿಂಗ್ ರಾಜರು. ಜೆಕ್ ದೇಶದಲ್ಲಿ ಚಳಿ ಅಷ್ಟೇನಿಲ್ಲ, ಆದರೂ 1998ರ ಒಲಿಂಪಿಕ್ಸ್ ಹಾಕಿ ಚಿನ್ನ ಅವರದು. ರಷ್ಯನ್ನರ ಟ್ಯಾಂಕುಗಳು ಊರಿಗೆ ನುಗ್ಗಿದ ಮರುವರ್ಷ, 1969ರಲ್ಲಿ, ಅದೇ ರಷ್ಯನ್ನರನ್ನು ಹಾಕಿಯಲ್ಲಿ ಎರಡು ಸಲ ಸೋಲಿಸಿದ ಜನ ಅವರು. ಆ ಕಥೆಗೇ ಇನ್ನೊಂದು ದಿನ ಬೇಕು.

ನಮ್ಮಲ್ಲೂ ಐಸ್ ಹಾಕಿ ಇದೆ, ಲಡಾಖಿನಲ್ಲಿ. 2025ರಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ತಂಡದಲ್ಲಿ ಹೆಚ್ಚಿನವರು ಲಡಾಖಿನವರು. ತಾನಾಗಿ ಕಟ್ಟುವ ಐಸ್ ಅಲ್ಲಿ ಉಳಿಯುವುದು ವರ್ಷಕ್ಕೆ ಹೆಚ್ಚುಕಮ್ಮಿ ಎರಡು ತಿಂಗಳು. ಆ ಎರಡು ತಿಂಗಳು ರಾತ್ರಿ ಹೊತ್ತು, ಕೊರೆಯುವ ಗಾಳಿಯಲ್ಲಿ, ಆಡುವವರೇ ಹೋಗಿ ಅಂಗಳಕ್ಕೆ ನೀರು ಹುಯ್ಯುತ್ತಾರೆ. ತೆಳ್ಳಗೇ ಹುಯ್ಯುತ್ತಾರೆ. ನನಗೆ ಬೇಕಾಗಿದ್ದ ಹಾಗೆ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮಸ್ಕಾರ.