ಹಳೇ ಗೇಮ್‌ಗೆ ಹೊಸ ಪ್ರೊಸೆಸರ್ ಯಾಕೆ?

ಕೇಳುಗರಿಗೆ ನಮಸ್ಕಾರ. ಸೂಪರ್ ನಿಂಟೆಂಡೊ ಎಂಬ ಗೇಮ್ ಯಂತ್ರ ಬಂದು 35 ವರ್ಷ ಆಯ್ತು, ಅದರ ಗೇಮ್ ಫೈಲು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊದಷ್ಟು ಇರುತ್ತದೆ, ಆದರೂ ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್‌ನಲ್ಲಿ, ಹಾಕಿದರೆ ನನ್ನ ಲ್ಯಾಪ್‌ಟಾಪ್ ಯಾಕೆ ತಿಣುಕುತ್ತದೆ ಎಂದು ಹುಡುಗರು ಕೇಳುತ್ತಾರೆ. ಗೇಮ್ ಚಿಕ್ಕದೋ ದೊಡ್ಡದೋ ಅನ್ನುವುದನ್ನು ದಯವಿಟ್ಟು ಮರೆತುಬಿಡಿ. ಎಮ್ಯುಲೇಟರ್ ಓಡಿಸುವುದು ಗೇಮನ್ನಲ್ಲ, ಇಡೀ ಯಂತ್ರವನ್ನು.

ಆ ಯಂತ್ರದ ಪ್ರೊಸೆಸರ್ ವೇಗ ಹೆಚ್ಚೆಂದರೆ 3.58 ಮೆಗಾಹರ್ಟ್ಸ್. ಆದರೆ ಚಿತ್ರಕ್ಕೆ ಬೇರೆ ಎರಡು ಚಿಪ್ ಇವೆ, ಸದ್ದಿಗೆ ಇನ್ನೊಂದು ಪ್ರೊಸೆಸರ್ ಇದೆ, ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ. ಯಕ್ಷಗಾನದಲ್ಲಿ ಭಾಗವತರು, ಮದ್ದಳೆ, ಚಂಡೆ ಮೂರನ್ನೂ ಒಬ್ಬನೇ ತಾಳ ತಪ್ಪದೆ ನಡೆಸಬೇಕು ಅಂದರೆ ಹೇಗಿರುತ್ತದೆ? ನಿಮ್ಮ ಕಂಪ್ಯೂಟರ್ ಮಾಡುತ್ತಿರುವುದು ಅದನ್ನೇ.

ತಾಳ ತಪ್ಪಿದರೆ ಏನಾಗುತ್ತದೆ, ಕೇಳಿ. ಸ್ಪೀಡಿ ಗೊನ್ಜಾಲೆಸ್ ಎಂಬ ಇಲಿಯ ಗೇಮ್ ಒಂದಿದೆ. ಅದರ ಕೊನೆಯ ಹಂತಗಳಲ್ಲಿ ಒಂದು ಬಟನ್ ಸಿಗುತ್ತದೆ. ಅದನ್ನು ಮುಟ್ಟಿದರೆ ಹಳೆಯ ಎಮ್ಯುಲೇಟರ್‌ಗಳಲ್ಲಿ ಗೇಮ್ ಅಲ್ಲೇ ನಿಂತುಬಿಡುತ್ತಿತ್ತು, ಅಸಲಿ ಯಂತ್ರದಲ್ಲಿ ಮಾತ್ರ ಆರಾಮಾಗಿ ಮುಂದೆ ಹೋಗುತ್ತಿತ್ತು. ಕಾರಣ ಎಷ್ಟು ಸೊಗಸಾಗಿದೆ ನೋಡಿ! ಗೇಮ್ ಬರೆದವರು ತಪ್ಪಿ, ಏನೂ ಇಲ್ಲದ ಒಂದು ಮೆಮೊರಿ ವಿಳಾಸವನ್ನು ಓದಿಸಿದ್ದಾರೆ. ಅಲ್ಲಿ ಏನೂ ಇಲ್ಲವಲ್ಲ, ಹಾಗಾಗಿ ಅದಕ್ಕೂ ಮುಂಚೆ ತಂತಿಗಳಲ್ಲಿ ಹರಿದು ಉಳಿದ ಸಂಖ್ಯೆಯೇ ಸಿಗುತ್ತದೆ. ಅದು ಬದಲಾಗುವ ತನಕ ಗೇಮ್ ಅದನ್ನೇ ಮತ್ತೆ ಮತ್ತೆ ಓದುತ್ತಾ ಕೂರುತ್ತದೆ. ಅಸಲಿ ಯಂತ್ರದಲ್ಲಿ ಚಿತ್ರದ ಒಂದೊಂದು ಗೆರೆಗೂ ಡೇಟಾ ಸಾಗುತ್ತಿರುತ್ತದೆ, ಅದು ಸರಿಯಾಗಿ ಆ ಓದಿನ ನಡುವೆ ನುಗ್ಗಿ ಉಳಿದ ಸಂಖ್ಯೆಯನ್ನು ಬದಲಿಸುತ್ತದೆ, ಇಲಿ ಪಾರಾಗುತ್ತದೆ. ಇದನ್ನು ಹಿಡಿಯಬೇಕಾದರೆ ಎಮ್ಯುಲೇಟರ್ ಯಂತ್ರದ ಗಡಿಯಾರದ ಟಿಕ್‌ಗಳನ್ನು, ಸೆಕೆಂಡಿಗೆ 2.1 ಕೋಟಿಗೂ ಜಾಸ್ತಿ, ಬಿಡದೆ ಲೆಕ್ಕ ಇಡಬೇಕು. ಬಿಎಸ್‌ನೆಸ್ ಎಂಬ ಎಮ್ಯುಲೇಟರ್ ಹಟ ಹಿಡಿದು ಇದನ್ನು ಮಾಡಿತು. ಅದಕ್ಕೇ 2011ರಲ್ಲಿ ಅದು 3 ಗಿಗಾಹರ್ಟ್ಸ್ ಪ್ರೊಸೆಸರ್ ಕೇಳುತ್ತಿತ್ತು. ಜನ ಬೈದರು. ನನಗೆ ಆ ಹಟವೇ ಇಷ್ಟ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ನಮ್ಮ ಪ್ರೊಸೆಸರ್‌ನಲ್ಲಿ ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕ, ಇದೆಯಲ್ಲ ಅಂತೀರಿ. ಒಂದೊಂದು ಚಿಪ್ಪನ್ನು ಒಂದೊಂದು ಕೋರ್‌ಗೆ ಹಂಚಿದರೆ ಅವು ಪ್ರತಿ ಹೆಜ್ಜೆಗೂ ಒಂದಕ್ಕೊಂದು ಕಾಯಬೇಕು, ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಇಲ್ಲಿ ಬೇಕಿರುವುದು ಒಂದೇ ಕೋರಿನ ವೇಗ. ಪ್ಲೇಸ್ಟೇಷನ್ 3 ಎಂಬ ಗೇಮ್ ಯಂತ್ರದ ಕಥೆ ಬೇರೆ. ಅದರ ಸೆಲ್ ಪ್ರೊಸೆಸರ್‌ನಲ್ಲಿ ಮುಖ್ಯ ಕೋರ್ ಜೊತೆಗೆ ಗೇಮ್‌ಗಳಿಗೆ ಅಂತಲೇ ಆರು ಸಹಾಯಕ ಕೋರ್‌ಗಳಿವೆ, ಅದೂ 3.2 ಗಿಗಾಹರ್ಟ್ಸ್‌ನಲ್ಲಿ, ಅವುಗಳ ಭಾಷೆ ನಮ್ಮ ಪಿಸಿಗೆ ಬರುವುದಿಲ್ಲ, ಎಲ್ಲವನ್ನೂ ಅನುವಾದ ಮಾಡಿಯೇ ಓಡಿಸಬೇಕು. ಅಲ್ಲಿ ಕೋರ್‌ಗಳೂ ಜಾಸ್ತಿ ಬೇಕು, ವೇಗವೂ ಬೇಕು.

ಆದ್ದರಿಂದ ಸುಮ್ನೆ ದುಬಾರಿ ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಸುರಿಯಬೇಡಿ. ಅಂಗಡಿಯಲ್ಲಿ ಮೊದಲು ಪ್ರೊಸೆಸರ್ ಯಾವುದು ಎಂದು ಕೇಳಿ. ನಮಸ್ಕಾರ.